ತುರ್ಕಿ, ರಷ್ಯನ್ ಮತ್ತು ನಮ್ಮ ವ್ಯಾಕರಣ ಪಾಠ

ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ರಾಯಭಾರಿಗಳು 1786ರಲ್ಲಿ ಹಡಗನ್ನೇರಿ ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ಪ್ರಯಾಣ ಬೆಳೆಸಿದರು. ಅದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದೆ ರಷ್ಯದ ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನ್ ನಮ್ಮ ಬೀದರಿಗೆ ಬಂದು, ತಾನು ಕಂಡುದನ್ನು ರಷ್ಯನ್ ಭಾಷೆಯಲ್ಲಿ ಬರೆದಿಟ್ಟನು. ಆ ಬರಹದ ನಡುನಡುವೆ ತುರ್ಕಿ ಬಳಗದ ನುಡಿಗಳೂ ಬೆರೆತಿವೆ. ಹೀಗೆ ಈ ಎರಡು ದೂರದ ಭಾಷೆಗಳಿಗೂ ಕನ್ನಡನಾಡಿಗೂ ಹಳೆಯ ಪರಿಚಯವುಂಟು. ಇವೆರಡರಲ್ಲಿ ಕನ್ನಡಕ್ಕೆ ಹೆಚ್ಚು ಹತ್ತಿರವಾದುದು ಯಾವುದು? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಮ್ಮ ಶಾಲೆಗಳಲ್ಲಿ ಕನ್ನಡ ವ್ಯಾಕರಣವನ್ನು ಕಲಿಸುವ ಕ್ರಮಕ್ಕೂ ಇದಕ್ಕೂ ಸಂಬಂಧವಿದೆ.

ಮೇಲ್ನೋಟಕ್ಕೆ ರಷ್ಯನ್ ಭಾಷೆಯೇ ಹತ್ತಿರವೆಂದು ತೋರುತ್ತದೆ. ಆ ಭಾಷೆಯಲ್ಲಿ ಹತ್ತಕ್ಕೆ 'ದೇಸ್ಯತ್', ನೂರಕ್ಕೆ 'ಸ್ತೊ', ಬೆಂಕಿಗೆ 'ಒಗೋನ್', ಸಹೋದರನಿಗೆ 'ಬ್ರಾತ್' ಎನ್ನುತ್ತಾರೆ. ದಶ, ಶತ, ಅಗ್ನಿ, ಭ್ರಾತೃ ಎಂಬ ಶಬ್ದಗಳನ್ನು ಬಲ್ಲ ವಿದ್ಯಾರ್ಥಿಗೆ ಇವು ಒಡನೆಯೇ ಪರಿಚಿತವೆನಿಸುತ್ತವೆ. ಆದರೆ ಈ ನಂಟು ರಷ್ಯನ್ನಿಗೂ ಸಂಸ್ಕೃತಕ್ಕೂ ಇರುವುದು. ಕನ್ನಡವು ಈ ಶಬ್ದಗಳನ್ನು ಸಂಸ್ಕೃತದಿಂದ ಎರವಲು ಪಡೆದಿದೆ. ನಮ್ಮವೇ ಆದ ಹತ್ತು, ನೂರು, ಬೆಂಕಿ ಎಂಬ ಪದಗಳಿಗೂ ರಷ್ಯನ್ನಿಗೂ ಯಾವ ಹೋಲಿಕೆಯೂ ಇಲ್ಲ.

ಇನ್ನು ವಾಕ್ಯದ ಕಟ್ಟಡವನ್ನು ನೋಡೋಣ. ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ವಿದ್ಯಾರ್ಥಿಯೊಬ್ಬನು 'ನಾನು ನಿನ್ನೆ ಹೊಣಕೆರೆಯಿಂದ ಬಂದೆನು' ಎನ್ನುವುದನ್ನು ತುರ್ಕಿಯವನು 'ಬೆನ್ ದೂನ್ ಹೊಣಕೆರೆದೆನ್ ಗೆಲ್ದಿಮ್' ಎನ್ನುವನು. ಪದಗಳು ಬೇರೆ, ಆದರೆ ಅವುಗಳ ಸಾಲು ಒಂದೇ. ನಮ್ಮ 'ಇಂದ' ಇರುವ ಸ್ಥಳದಲ್ಲಿಯೇ ಅವರ 'ದೆನ್' ಇದೆ. ನಮ್ಮ 'ಎನು' ಇರುವಲ್ಲಿ ಅವರ 'ಮ್' ಇದೆ. ರಷ್ಯನ್ನಿನಲ್ಲಾದರೋ 'ಇಂದ' ಎಂಬರ್ಥದ 'ಇಜ್' ಊರಿನ ಹೆಸರಿಗಿಂತ ಮೊದಲೇ ಬಂದು ನಿಲ್ಲುತ್ತದೆ.

'ಮನೆಗಳಿಂದ' ಎಂಬುದನ್ನು ಬಿಡಿಸಿದರೆ ಮನೆ, ಗಳು, ಇಂದ ಎಂಬ ಮೂರು ತುಂಡುಗಳು ದೊರೆಯುತ್ತವೆ. ತುರ್ಕಿಯ 'ಎವ್‌ಲೆರ್‌ದೆನ್' ಹಾಗೆಯೇ ಎವ್, ಲೆರ್, ದೆನ್ ಎಂದು ಬಿಡಿಯಾಗುತ್ತದೆ. ರಷ್ಯನ್ನಿನ 'ದೊಮೋವ್' ಎಂಬಲ್ಲಿ ಬಹುವಚನವಾವುದು, ವಿಭಕ್ತಿಯಾವುದು ಎಂದು ಬೇರ್ಪಡಿಸಲಾಗದು. 'ಓವ್' ಒಂದೇ ಎರಡನ್ನೂ ಹೊತ್ತಿದೆ. ಸಂಸ್ಕೃತದ 'ಗೃಹೇಭ್ಯಃ' ಎಂಬುದರ 'ಭ್ಯಃ' ಕೂಡ ಇದೇ ಬಗೆಯದು. ಕ್ರಿಯಾಪದದಲ್ಲಿ ಈ ಸಾಮ್ಯವು ಇನ್ನೂ ಸ್ಪಷ್ಟವಾಗಿದೆ. ಮಾಡು, ಇಸು, ದ, ಎನು ಸೇರಿ 'ಮಾಡಿಸಿದೆನು' ಆದಂತೆ, ಯಪ್, ತಿರ್, ದಿ, ಮ್ ಸೇರಿ 'ಯಪ್‌ತಿರ್‌ದಿಮ್' ಆಗುತ್ತದೆ, ಅರ್ಥವೂ ಅದೇ. 'ಎನ್ನು' ಎಂಬ ಧಾತುವಿನಿಂದ ನಾವು 'ಎಂದು' ಎಂಬ ಜೋಡಣೆಯ ಪದವನ್ನು ಮಾಡಿಕೊಂಡಿರುವಂತೆ ಅವರು 'ಹೇಳು' ಎಂಬರ್ಥದ 'ದೆ' ಧಾತುವಿನಿಂದ 'ದಿಯೆ' ಎಂಬುದನ್ನು ಮಾಡಿಕೊಂಡಿದ್ದಾರೆ.

ಎಲ್ಲದರಲ್ಲಿಯೂ ಸಾಮ್ಯವಿದೆಯೆಂದಲ್ಲ. ತುರ್ಕಿಯಲ್ಲಿ ಅವನು, ಅವಳು, ಅದು ಎಂಬ ಮೂರಕ್ಕೂ 'ಒ' ಎಂಬ ಒಂದೇ ಪದ. ರಷ್ಯನ್ನಿನಲ್ಲಿ ಮನೆ ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಕನ್ನಡವು ಇವೆರಡರ ದಾರಿಯನ್ನೂ ಹಿಡಿಯದೆ ಅರ್ಥವನ್ನು ನೋಡಿ ಲಿಂಗವನ್ನು ಗೊತ್ತುಮಾಡುತ್ತದೆ.

ಹಾಗಾದರೆ ಕನ್ನಡವೂ ತುರ್ಕಿಯೂ ಒಂದೇ ಮನೆತನದವೇ? 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಅಂತಹ ನಂಟನ್ನು ಊಹಿಸಿದ್ದನು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಕಟ್ಟಡದ ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗದು. ಜಪಾನೀ ಭಾಷೆಯ ಪ್ರತ್ಯಯಗಳೂ ಬಹುಮಟ್ಟಿಗೆ ಹೀಗೆಯೇ ಪದದ ಹಿಂದೆ ಬರುತ್ತವೆ. ನಂಟಿಗೆ ಬೇಕಾದುದು ಮೂಲಪದಗಳಲ್ಲಿ ನಿಯಮಬದ್ಧವಾದ ಧ್ವನಿಸಾಮ್ಯ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಶ್ರೀವೈಷ್ಣವರ ಮನೆಗಳಲ್ಲಿ ಕೇಳಿಬರುವ ತಮಿಳಿನ ಪಾಲ್, ಪುಲಿ, ಪತ್ತು ಎಂಬ ಪದಗಳನ್ನು ನಮ್ಮ ಹಾಲು, ಹುಲಿ, ಹತ್ತುಗಳ ಪಕ್ಕದಲ್ಲಿಟ್ಟರೆ ಆ ನಿಯಮವು ಕಣ್ಣಿಗೆ ಕಾಣುತ್ತದೆ. ದಶ, ಶತಗಳ 'ಶ'ಕಾರಕ್ಕೆ ರಷ್ಯನ್ನಿನಲ್ಲಿ 'ಸ'ಕಾರ ಬರುವುದೂ ಅಂತಹ ನಿಯಮವೇ. ಕನ್ನಡಕ್ಕೂ ತುರ್ಕಿಗೂ ನಡುವೆ ಇಂತಹ ನಿಯಮವನ್ನು ಯಾರೂ ಸ್ಥಾಪಿಸಿಲ್ಲ.

ಆದುದರಿಂದ ಕುಲವೇ ಬೇರೆ, ರಚನೆಯ ಬಗೆಯೇ ಬೇರೆ, ಎರವಲೇ ಬೇರೆ. ಈ ಮೂರನ್ನು ಬೆರೆಸಿದರೆ ಗೊಂದಲವೇ ಫಲ. ಕನ್ನಡದಲ್ಲಿ ಸಂಸ್ಕೃತ ಪದಗಳು ಹೇರಳವಾಗಿರುವುದರಿಂದ ಅದು ಸಂಸ್ಕೃತದ ಮಗಳೆನ್ನುವವರೂ, ತುರ್ಕಿಯನ್ನು ಹೋಲುವುದರಿಂದ ಅದರ ತಂಗಿಯೆನ್ನುವವರೂ ಒಂದೇ ತಪ್ಪನ್ನು ಮಾಡುತ್ತಾರೆ.

ಈ ಗೊಂದಲವು ನಮ್ಮ ಪಾಠಗಳಲ್ಲಿಯೂ ನುಸುಳಿದೆ. ಅನೇಕ ವ್ಯಾಕರಣ ಪುಸ್ತಕಗಳಲ್ಲಿ ತೃತೀಯಾ ವಿಭಕ್ತಿಗೆ 'ಇಂದ' ಎಂದೂ ಪಂಚಮಿಗೆ 'ದೆಸೆಯಿಂದ' ಎಂದೂ ಪಟ್ಟಿಮಾಡಿರುವುದನ್ನು ನಮ್ಮ ತರುಣ ವಾಚಕರು ಬಾಯಿಪಾಠ ಮಾಡಿರುತ್ತಾರೆ. ಆದರೆ 'ಹೊಣಕೆರೆಯ ದೆಸೆಯಿಂದ ಬಂದೆ' ಎಂದು ಯಾರಾದರೂ ನುಡಿಯುವುದುಂಟೇ? ಚಾಕುವಿನಿಂದ ಕೊಯ್ಯುವುದಕ್ಕೂ ಹೊಣಕೆರೆಯಿಂದ ಬರುವುದಕ್ಕೂ ನಮಗೆ ಒಂದೇ 'ಇಂದ' ಸಾಕು. ತುರ್ಕಿಯವರಿಗೆ ಊರಿನಿಂದ ಬರುವುದಕ್ಕೆ 'ದೆನ್', ಚಾಕುವಿನಿಂದ ಕೊಯ್ಯುವುದಕ್ಕೆ 'ಲಾ' ಎಂದು ಬೇರೆಬೇರೆ ಪ್ರತ್ಯಯಗಳಿವೆ. ಅವರು ಅವನ್ನು ಬೇರೆಯಾಗಿಯೇ ಎಣಿಸುತ್ತಾರೆ. ರಷ್ಯನ್ನಿನಲ್ಲಿ ಪಂಚಮಿಯೆಂಬುದೇ ಇಲ್ಲ. 'ಇಜ್' ಎಂಬುದರ ಮುಂದೆ ಷಷ್ಠಿಯ ರೂಪ ಬರುತ್ತದೆ. ರಷ್ಯದ ಮಕ್ಕಳು ತಮ್ಮ ಭಾಷೆಯ ಆರು ವಿಭಕ್ತಿಗಳನ್ನು ಕಲಿಯುತ್ತಾರೆಯೇ ಹೊರತು ಸಂಸ್ಕೃತಕ್ಕೆ ಸರಿದೂಗಿಸಲು ಇನ್ನೊಂದನ್ನು ಕಟ್ಟುವುದಿಲ್ಲ. ಸಂಸ್ಕೃತದ ಖಾನೆಯೊಂದು ಬರಿದಾಗಿ ಉಳಿಯದಿರಲೆಂದು ಆಡದ ರೂಪವನ್ನು ಕಲಿಸುವುದು ವಿಜ್ಞಾನಕ್ಕೆ ಒಪ್ಪುವ ಕ್ರಮವಲ್ಲ.

ಸಂಸ್ಕೃತ ವ್ಯಾಕರಣದ ಪರಿಭಾಷೆಯಿಂದ ನಮಗೆ ಉಪಕಾರವಾಗಿದೆ ಎಂಬುದು ನಿಜ. 13ನೆಯ ಶತಮಾನದ ಕೇಶಿರಾಜನು ಆ ಚೌಕಟ್ಟಿನೊಳಗೇ ನಿಂತು ೞಕಾರ, ಶಿಥಿಲದ್ವಿತ್ವ ಮೊದಲಾದ ಕನ್ನಡದ ವಿಶೇಷಗಳನ್ನು ಸೂಕ್ಷ್ಮವಾಗಿ ಗುರುತಿಸಿದನು. ನಾವು ಅವನಿಂದ ಕಲಿಯಬೇಕಾದುದು ಆ ಸೂಕ್ಷ್ಮ ದೃಷ್ಟಿಯನ್ನು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದರು. ಅವರ ಎಲ್ಲ ಸಲಹೆಗಳನ್ನು ಒಪ್ಪದವರೂ ಈ ಮೂಲಮಾತನ್ನು ಅಲ್ಲಗಳೆಯಲಾರರು.

ನಮ್ಮ ಸೂಚನೆಯು ಸರಳವಾದುದು. ವ್ಯಾಕರಣದ ಪಾಠವು ಪಟ್ಟಿಯಿಂದಲ್ಲ, ಮಕ್ಕಳ ಮಾತಿನಿಂದ ಆರಂಭವಾಗಲಿ. ಮನೆಯಲ್ಲಿ ಆಡಿದ ಹತ್ತು ವಾಕ್ಯಗಳನ್ನು ಬರೆದುಕೊಂಡು, ಪದಗಳನ್ನು ತುಂಡುಮಾಡಿ, ಪ್ರತಿಯೊಂದು ತುಂಡಿನ ಕೆಲಸವೇನೆಂದು ವಿದ್ಯಾರ್ಥಿಗಳೇ ನಿರ್ಣಯಿಸಲಿ, ಹೆಸರಿಡುವುದು ಆಮೇಲೆ. ಸಸ್ಯಶಾಸ್ತ್ರದ ತರಗತಿಯಲ್ಲಿ ಹೂವನ್ನು ಬಿಡಿಸಿ ನೋಡುವ ಹುಡುಗನಿಗೆ ತನ್ನ ನುಡಿಯನ್ನು ಬಿಡಿಸಿ ನೋಡುವುದು ಕಷ್ಟವಾಗಲಾರದು. ಇದಕ್ಕೆ ಪ್ರಯೋಗಶಾಲೆಯಾಗಲಿ, ಹಣವಾಗಲಿ ಬೇಕಿಲ್ಲ. ಹೊಣಕೆರೆಯ ಶಾಲೆಯಲ್ಲಿಯೂ ನಾಳೆಯೇ ಇದನ್ನು ಆರಂಭಿಸಬಹುದು.