ಗಾಳಿಗೆ ಬೆಲೆ ಕಟ್ಟುವವರು ಗ್ರಾಮಸಭೆಯನ್ನು ಕೇಳಲಿ



ರಾಗಿಗೆ, ತೊಗರಿಗೆ, ಟೊಮೆಟೊಗೆ ಬೆಲೆ ಕಟ್ಟುವವರು ಯಾರು ಅಂತ ನಾವು ಕೇಳುತ್ತಲೇ ಇದ್ದೇವೆ. ಈಗ ಇನ್ನೊಂದು ಸರಕು ಪೇಟೆಗೆ ಬಂದಿದೆ. ಅದರ ಹೆಸರು ಕಾರ್ಬನ್. ಮರ ಗಾಳಿಯಲ್ಲಿನ ಇಂಗಾಲವನ್ನು ಹೀರಿ ಕಾಂಡದಲ್ಲಿ, ಬೇರಿನಲ್ಲಿ ಇಟ್ಟುಕೊಳ್ಳುತ್ತದಷ್ಟೆ. ಹಾಗೆ ಹೀರಿದ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಚೀಟಿ. ಹೊಗೆ ಬಿಡುವ ಕಂಪನಿ ಆ ಚೀಟಿ ಕೊಂಡುಕೊಂಡು, ನಮ್ಮ ಹೊಗೆಯನ್ನು ಎಲ್ಲೋ ಒಂದು ಕಾಡು ನುಂಗಿತು ಅಂತ ಲೆಕ್ಕ ತೋರಿಸುತ್ತದೆ. ಚೀಟಿಗೆ ದುಡ್ಡು ಬರುತ್ತದೆ, ಸರಿ. ಯಾರಿಗೆ? ಆ ಕಾಡಿನಲ್ಲಿ ಜೇನು ಕೀಳುತ್ತಿದ್ದವನಿಗೋ, ಕಾಡಿಗೆ ಬೇಲಿ ಹಾಕಿದವನಿಗೋ?

ಇದು ಕಾಡಿನವರ ಪಾಡು, ಜಮೀನಿದ್ದ ನಮಗೇನು ಅಂತ ಪುಟ ತಿರುಗಿಸಬೇಡಿ. ಮರದ ಹೆಸರಿನಲ್ಲಿ ಊರಿನ ನೆಲ ಹೋದ ಕಥೆ ನಮ್ಮದೇ ಮನೆಯ ಕಥೆ.

1983ರ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲ ತಂದು ಸಾಮಾಜಿಕ ಅರಣ್ಯ ಅಂತ ಶುರು ಮಾಡಿದರು. ಹೆಸರು ಸಾಮಾಜಿಕ, ಗಿಡ ನೀಲಗಿರಿ. ಕೋಲಾರದ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದು ನಿಂತಿತು. ಅದೇ 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಊರಿದರು. ಮರುವರ್ಷ ಸರ್ಕಾರ ಒಂದು ಪಾಲಿಫೈಬರ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಕಂಪನಿ ಕಟ್ಟಿತು. 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಊರೊಟ್ಟಿನ ನೆಲ ಅದಕ್ಕೆ. ದನ ಮೇಯುತ್ತಿದ್ದ, ಸೌದೆ ಆಯುತ್ತಿದ್ದ ನೆಲ ಕಾಗದದಲ್ಲಿ 'ಹಾಳುಭೂಮಿ' ಆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಎಸ್. ಆರ್. ಹಿರೇಮಠರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು: ನೀಲಗಿರಿ ಕಿತ್ತರು, ಉಪಯೋಗದ ಸಸಿ ಹಚ್ಚಿದರು. 1991ರಲ್ಲಿ ಕಂಪನಿ ಬಾಗಿಲು ಹಾಕಿತು. ಇನ್ನೂ ಒಂದು ಮಾತು. ಆವತ್ತು ನೀಲಗಿರಿ ಬೇಡ ಅಂದವರು ಪ್ರಗತಿಯ ವಿರೋಧಿಗಳು ಅನ್ನಿಸಿಕೊಂಡರು. 2017ರಲ್ಲಿ ನೀಲಗಿರಿ ಬೆಳೆಯಬೇಡಿ ಅಂತ ಆಜ್ಞೆ ಹೊರಡಿಸಿದ್ದು ಇದೇ ರಾಜ್ಯ ಸರ್ಕಾರ.

ಈಗಿನ ಹೆಸರು ಬೇರೆ. ಹವಾಮಾನ. ಹವಾಮಾನ ಕೆಟ್ಟಿದೆ ಅನ್ನೋದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸಾರಿದ್ದು ನೆನಪಿದೆಯಲ್ಲ. ಕಾಡು ಉಳಿಯಬೇಕು, ಮರ ಹೆಚ್ಚಬೇಕು, ಅದಕ್ಕೆ ತಕರಾರಿಲ್ಲ. ಯಾರ ನೆಲದಲ್ಲಿ, ಯಾರನ್ನು ಕೇಳಿ ಅನ್ನೋದಕ್ಕೆ ತಕರಾರು. 2030ರ ಹೊತ್ತಿಗೆ ಹೆಚ್ಚಿನ ಕಾಡು-ಮರಗಳಿಂದ 250ರಿಂದ 300 ಕೋಟಿ ಟನ್ ಹೀರಿಸುತ್ತೇವೆ ಅಂತ ನಮ್ಮ ದೇಶ 2015ರಲ್ಲೇ ಜಗತ್ತಿಗೆ ಮಾತು ಕೊಟ್ಟಿದೆ. ಅಷ್ಟು ಮರಕ್ಕೆ ನೆಲ ಆಕಾಶದಿಂದ ಇಳಿಯುವುದಿಲ್ಲ. ಆದಿವಾಸಿಯ ಕಾಡು, ಹಳ್ಳಿಯ ಗೋಮಾಳ, ಮಲೆನಾಡಿನ ಬೆಟ್ಟ, ಇವುಗಳ ಮೇಲೇ ಕಣ್ಣು.

ಕಾಡಿನವರ ಹಕ್ಕಿಗೆ ಕಾನೂನು ಇಲ್ಲದೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ, ಈ ಜನಕ್ಕೆ ಚಾರಿತ್ರಿಕ ಅನ್ಯಾಯ ಆಗಿದೆ ಅಂತ ಒಪ್ಪಿಕೊಂಡಿದೆ. ಸಾಗುವಳಿ ನೆಲಕ್ಕೆ ಹಕ್ಕು, ಕಿರು ಉತ್ಪನ್ನಕ್ಕೆ ಹಕ್ಕು, ಕಾಡನ್ನು ಕಾಯುವ ಹಕ್ಕು, ಮತ್ತು ತೀರ್ಮಾನದ ಮೊದಲ ಜಾಗ ಗ್ರಾಮಸಭೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳನ್ನೇ ಕೇಳಿಸಿತು. 12 ಸಭೆ, ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. 1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು. ಸಾಗುವಳಿ ನಿಂತಿತು, ಪೋಡುಗಳನ್ನು ಕದಲಿಸಿದರು. ವರ್ಷದ ಮೊದಲಲ್ಲಿ ನೆಲದ ಒಣ ಎಲೆಗೆ ಇಡುತ್ತಿದ್ದ 'ತರಗು ಬೆಂಕಿ'ಯನ್ನು ಅಪರಾಧ ಅಂದರು. ಆ ಸಣ್ಣ ಬೆಂಕಿ ಇಲ್ಲದೇ ಲಂಟಾನ ಬೆಟ್ಟ ತುಂಬಿತು ಅಂತ ಸೋಲಿಗ ಹಿರಿಯರು ಹೇಳುತ್ತಾರೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಮೇಲೆ ಜೇನು, ನೆಲ್ಲಿಕಾಯಿ, ಮರದ ಪಾಚಿ ತಂದು ಮಾರುವುದಕ್ಕೂ ಕತ್ತರಿ ಬಿತ್ತು. ವರ್ಷದ ಆದಾಯವೇ ಹೋದರೆ ಸಂಸಾರ ಏನು ಮಾಡುತ್ತದೆ, ಕೂಲಿಗೆ ಇಳಿಯುತ್ತದೆ, ಸಾಲಕ್ಕೆ ಕೈ ಒಡ್ಡುತ್ತದೆ. ಸೋಲಿಗರ ಸಂಘ, ಅವರ ಜೊತೆ ನಿಂತ ಸಂಸ್ಥೆಗಳು ವರ್ಷಗಟ್ಟಲೆ ಓಡಾಡಿ, ಎಲ್ಲೆಲ್ಲಿ ಜೇನು ಮರ, ಎಲ್ಲೆಲ್ಲಿ ದೇವರ ಕಲ್ಲು ಅಂತ ನಕ್ಷೆ ಬರೆದು, ಅರ್ಜಿ ಹಾಕಿ, 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪಡೆದರು. ಅದೇ ವರ್ಷದ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಆಗಿತ್ತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸುಮ್ಮನೆ ಸಿಗಲಿಲ್ಲ.

ಆದರೆ ದುಡ್ಡು ಮಾತ್ರ ಗ್ರಾಮಸಭೆಯನ್ನು ಬಳಸಿಕೊಂಡು ಆಚೆ ಹೋಗುತ್ತದೆ. ಗಣಿಗೆ, ಅಣೆಕಟ್ಟಿಗೆ ಕಾಡು ಕಡಿದವರು ಕಟ್ಟಿದ ಪರಿಹಾರದ ಹಣಕ್ಕೆ 2016ರಲ್ಲಿ ಒಂದು ಕಾಯ್ದೆ ಬಂತು. 2019ರ ಆಗಸ್ಟಿನಲ್ಲಿ ಕೇಂದ್ರ 47,436 ಕೋಟಿ ರೂಪಾಯಿಯನ್ನು ರಾಜ್ಯಗಳಿಗೆ ಹಂಚಿತು. ಕಾಯ್ದೆಯಲ್ಲಿ ಗ್ರಾಮಸಭೆಯ ಒಪ್ಪಿಗೆ ಬರೆಯಿರಿ ಅಂತ ಆದಿವಾಸಿ ಸಂಘಟನೆಗಳು ಪಟ್ಟು ಹಿಡಿದಿದ್ದವು. ನಿಯಮದಲ್ಲಿ ಸೇರಿಸುತ್ತೇವೆ ಅಂತ ಸಚಿವರು ರಾಜ್ಯಸಭೆಯಲ್ಲಿ ಭರವಸೆ ಕೊಟ್ಟರು. 2018ರಲ್ಲಿ ನಿಯಮ ಬಂದಾಗ 'ಒಪ್ಪಿಗೆ' ಇರಲಿಲ್ಲ, 'ಸಮಾಲೋಚನೆ' ಇತ್ತು. ಅದೂ ಗ್ರಾಮಸಭೆ 'ಅಥವಾ' ಗ್ರಾಮ ಅರಣ್ಯ ಸಮಿತಿಯ ಜೊತೆ. ಆ ಸಮಿತಿಯ ಕಾರ್ಯದರ್ಶಿ ಯಾರು? ಫಾರೆಸ್ಟರೇ! ಇಲಾಖೆ ಇಲಾಖೆಯನ್ನು ಕೇಳಿಕೊಂಡು ಸಸಿ ನೆಡುತ್ತದೆ. ಬೆಂಬಲ ಬೆಲೆ ನಿಗದಿಗೆ ರೈತರನ್ನು 'ಸಮಾಲೋಚಿಸುವ' ಸಭೆಗೆ ಹೋಗಿ ಬಂದವರಿಗೆ ಆ ಶಬ್ದದ ತೂಕ ಗೊತ್ತು.

2023ರ ಅಕ್ಟೋಬರಿನಲ್ಲಿ ಗ್ರೀನ್ ಕ್ರೆಡಿಟ್ ಅಂತ ಇನ್ನೊಂದು. ಅರಣ್ಯ ಇಲಾಖೆ ಜಾಗ ತೋರಿಸುತ್ತದೆ, ದುಡ್ಡಿದ್ದವರು ಗಿಡ ನೆಡಿಸುತ್ತಾರೆ, ಕ್ರೆಡಿಟ್ ಎಣಿಸಿಕೊಳ್ಳುತ್ತಾರೆ. 2024ರ ಲೆಕ್ಕದಲ್ಲಿ ಹೆಕ್ಟೇರಿಗೆ 1,100 ಮರ, ಮರಕ್ಕೊಂದು ಕ್ರೆಡಿಟ್. ಹುಲ್ಲುಗಾವಲಿಗೂ ಕುರುಚಲು ಕಾಡಿಗೂ ಅದೇ ಅಳತೆಯೇ ಅಂತ ವಿಜ್ಞಾನಿಗಳೂ ಸಂಘಟನೆಗಳೂ ಕೂಗೆಬ್ಬಿಸಿದ ಮೇಲೆ 2025ರಲ್ಲಿ ಲೆಕ್ಕ ತಿದ್ದಿದರು. ಜಾಗ ತೋರಿಸುವ ಕೈ ಮಾತ್ರ ಬದಲಾಗಲಿಲ್ಲ.

ಹೊರದೇಶದ ಕಥೆಯೂ ಇದೇ. ಕಾಡು ಉಳಿಸಿದವರಿಗೆ ಹಣ ಕೊಡುವ ರೆಡ್ ಯೋಜನೆಯ ಮಾತು 2008ರಲ್ಲಿ ಪೋಲೆಂಡಿನ ಪೊಜ್ನಾನ್‌ನಲ್ಲಿ ನಡೆದಾಗ, ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿ ಕರಡಿನಿಂದ 'ಹಕ್ಕು' ಅನ್ನುವ ಶಬ್ದವನ್ನೇ ಹೊಡೆಸಿದರು. ಹಕ್ಕಿಲ್ಲದ ರೆಡ್ ಬೇಡ ಅಂತ ಮೂಲನಿವಾಸಿಗಳು ಸಭೆಯ ಅಂಗಳದಲ್ಲೇ ಕೂಗಿದರು. ಎರಡು ವರ್ಷದ ಮೇಲೆ ಕಾನ್‌ಕೂನ್‌ನಲ್ಲಿ ಆ ಶಬ್ದ ವಾಪಸ್ ಬಂತು. 2021ರಲ್ಲಿ ಗ್ಲಾಸ್ಗೋದಲ್ಲಿ ಕಾಡಿನ ಜನಕ್ಕೆಂದೇ 170 ಕೋಟಿ ಡಾಲರ್ ಅಂತ ಘೋಷಿಸಿದರು. ಮೊದಲ ವರ್ಷ ಕೊಟ್ಟ ಹಣದಲ್ಲಿ ನೇರವಾಗಿ ಅವರ ಸಂಘಗಳಿಗೆ ಮುಟ್ಟಿದ್ದು ನೂರಕ್ಕೆ 7. ಮಂಡಿಯಲ್ಲಿ ಟೊಮೆಟೊ ಮಾರಿ ಬಂದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕೆನ್ಯಾ ದೇಶದಲ್ಲಿ ದನಗಾಹಿಗಳ ಮೇವಿನ ನೆಲವನ್ನು ಸಂರಕ್ಷಣೆಯ ಹೆಸರಲ್ಲಿ ಕಟ್ಟಿಹಾಕಿ, ಅದರ ಮೇಲೆ ಕಾರ್ಬನ್ ಮಾರುತ್ತಿದ್ದರು. ಜನರನ್ನು ಸರಿಯಾಗಿ ಕೇಳದೆ ಇಂಥ ಸಂರಕ್ಷಣಾ ಕ್ಷೇತ್ರ ಮಾಡಿದ್ದು ಸಂವಿಧಾನ ವಿರುದ್ಧ ಅಂತ 2025ರ ಜನವರಿಯಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಕೇಸು ಹಾಕಿದ್ದು ಆ ದನಗಾಹಿ ಊರಿನವರೇ.

ನಮ್ಮಲ್ಲಿ ಕೆಲವರು ಕೇಳುತ್ತಾರೆ: ಆನೆ ಬಂದು ಬಾಳೆ ತುಳಿದಾಗ ಕಾಡಿನವರು ನಮ್ಮ ಜೊತೆ ಬಂದರಾ? ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅವರ ನೆಲ್ಲಿಕಾಯಿಯನ್ನು ಅಗ್ಗಕ್ಕೆ ಕೊಂಡು ಪೇಟೆಗೆ ಸಾಗಿಸುವವರಲ್ಲಿ ನಮ್ಮ ಊರಿನ ಜಮೀನ್ದಾರರೂ ಇದ್ದಾರೆ, ಅದನ್ನೂ ಇಟ್ಟುಕೊಳ್ಳಿ. ನಮ್ಮ ಕೈಯಲ್ಲಿ ಪಹಣಿ ಇದೆ, ಅವರ ಕೈಯಲ್ಲಿಲ್ಲ. ಇರುವ ವ್ಯತ್ಯಾಸ ಅಷ್ಟೇ. ಅದೂ ಎಲ್ಲರಿಗೂ ಇಲ್ಲ. ಉತ್ತರ ಕನ್ನಡ, ಶಿವಮೊಗ್ಗದ ಕಡೆ ಅರಣ್ಯ ಸಾಗುವಳಿ ಮಾಡುವ ಬುಡಕಟ್ಟಿನವರಲ್ಲದ ರೈತರು ಮೂರು ತಲೆಮಾರಿನ, ಅಂದರೆ 75 ವರ್ಷದ, ಸಾಕ್ಷಿ ತನ್ನಿ ಅನ್ನುವ ಷರತ್ತಿಗೆ ಸಿಕ್ಕಿಕೊಂಡಿದ್ದಾರೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಅಂದಾಗ ದೇಶದಲ್ಲಿ ಹತ್ತು ಲಕ್ಷಕ್ಕೂ ಮೀರಿದ ಕುಟುಂಬಗಳ ನೆತ್ತಿಯ ಮೇಲೆ ಕತ್ತಿ ತೂಗಿತು. ಚಳವಳಿಯವರು ಬೀದಿಗಿಳಿದ ಮೇಲೆ 28ಕ್ಕೆ ತಡೆ ಬಂತು. ಆ ಪಟ್ಟಿಯಲ್ಲಿ ಆದಿವಾಸಿ ಎಷ್ಟು, ಒಕ್ಕಲಿಗ ಎಷ್ಟು, ದೀವರು ಎಷ್ಟು ಅಂತ ಜೆಸಿಬಿ ನೋಡುವುದಿಲ್ಲ.

ಇನ್ನು ನಿಮ್ಮ ಬಾಗಿಲಿಗೇ ಬರುವ ಮಾತು. ಕೃಷಿಯಲ್ಲಿ ಕಾರ್ಬನ್ ಮಾರುಕಟ್ಟೆಗೆ ಕೇಂದ್ರ ಕೃಷಿ ಇಲಾಖೆ 2024ರ ಜನವರಿಯಲ್ಲಿ ಚೌಕಟ್ಟು ಹಾಕಿಕೊಟ್ಟಿದೆ. ಬದುವಿನ ಮೇಲೆ ಗಿಡ ಹಾಕಿ, ಕ್ರೆಡಿಟ್ ನಾವು ಮಾರಿಕೊಡುತ್ತೇವೆ ಅಂತ ಕರಾರು ಹಿಡಿದು ಬರುವವರು ಇದ್ದಾರೆ. ಸಹಿ ಹಾಕುವ ಮೊದಲು ಕೇಳಿ: ಎಷ್ಟು ವರ್ಷದ ಕಟ್ಟು? ಅಷ್ಟು ವರ್ಷ ಮರ ಕಡಿಯುವ, ಜಮೀನು ಅಡವಿಡುವ ಸ್ವಾತಂತ್ರ್ಯ ನಿಮಗೆ ಉಳಿಯುತ್ತದೋ ಇಲ್ಲವೋ? ಬರ ಬಿದ್ದು ಗಿಡ ಒಣಗಿದರೆ ನಷ್ಟ ಯಾರ ತಲೆಗೆ? ಟನ್ನಿಗೆ ಅವರು ಮಾರಿದ ಬೆಲೆ ಎಷ್ಟು, ಅಳತೆಯವರು, ದೃಢೀಕರಿಸುವವರು, ದಲ್ಲಾಳಿ ಎಲ್ಲ ಮುರಿದುಕೊಂಡು ನಿಮಗೆ ಎಷ್ಟು? ಕರಾರು ಕನ್ನಡದಲ್ಲಿ ಇಲ್ಲದಿದ್ದರೆ ವಾಪಸ್ ಕಳಿಸಿ.

1980ರ ದಶಕದಲ್ಲಿ ರೈತ ಸಂಘದವರು ಊರ ಬಾಗಿಲಿಗೆ ಬೋರ್ಡು ನೆಟ್ಟು, ಅಪ್ಪಣೆ ಇಲ್ಲದೆ ಸರ್ಕಾರಿ ಅಧಿಕಾರಿಗಳು ಒಳಗೆ ಬರುವಂತಿಲ್ಲ ಅಂತ ಬರೆದಿದ್ದರು. ಕಾಡಿನವರು ಕೇಳುತ್ತಿರುವುದು ಅದೇ ಬೋರ್ಡನ್ನು, ಅದೂ ಕಾನೂನಿನ ಬಲದಿಂದ. ಕಾಡಂಚಿನ ಪಂಚಾಯ್ತಿಯವರು ಮುಂದಿನ ಗ್ರಾಮಸಭೆಯಲ್ಲಿ ಅರಣ್ಯ ಹಕ್ಕು ಸಮಿತಿಯ ಪುಸ್ತಕ ತರಿಸಿ, ಎಷ್ಟು ಅರ್ಜಿ ಬಂದಿದೆ, ಎಷ್ಟು ಕೊಳೆಯುತ್ತಿದೆ ಓದಿಸಿ. ಊರೊಟ್ಟಿನ ನೆಲದಲ್ಲಿ ಯಾವ ಯೋಜನೆಯ ಸಸಿ ನೆಡುವುದಿದ್ದರೂ ಸಭೆಯ ಒಪ್ಪಿಗೆ ಬೇಕು ಅಂತ ಠರಾವು ಬರೆಸಿ. ಪೋಡಿನವರು, ಹಾಡಿಯವರು ಸಭೆಗೆ ಬಂದರೆ ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂರಿಸಬೇಡಿ. ಠರಾವಿನ ನಕಲನ್ನು ನಮ್ಮ ಪತ್ರಿಕೆಗೂ ಒಂದು ಕಳಿಸಿ, ಊರಿನ ಹೆಸರು ಸಮೇತ ಅಚ್ಚು ಹಾಕುತ್ತೇವೆ.