ದಾರಿ ಸರಿಮಾಡದೆ ನಕ್ಷತ್ರ ಕಟ್ಟುವವರು

ದೊಡ್ಡವರು ಬರುತ್ತಾರೆಂದರೆ ಭಾರತದ ಊರುಗಳು ಎರಡು ಬಗೆಯಲ್ಲಿ ತಯಾರಾಗುತ್ತವೆ. ಒಂದು, ರಾತ್ರೋರಾತ್ರಿ ಬೀಳುವ ಡಾಂಬರು. ಇನ್ನೊಂದು, ಪರದೆ. 2023ರಲ್ಲಿ ಜಿ20 ಶೃಂಗಸಭೆಗೆ ದಿಲ್ಲಿ ಸಜ್ಜಾದಾಗ ಕೆಲವು ಕೊಳೆಗೇರಿಗಳ ಮುಂದೆ ಹಸಿರು ಬಟ್ಟೆ ಎದ್ದು ನಿಂತಿತು. ಅತಿಥಿಯ ಕಣ್ಣಿಗೆ ಊರು ಚೆನ್ನಾಗಿ ಕಂಡರೆ ಸಾಕು, ಚೆನ್ನಾಗಿರಲೇಬೇಕೆಂಬ ಹಟ ಯಾರಿಗೂ ಇರಲಿಲ್ಲ.

ಕ್ರೈಸ್ತರ ಆಗಮನ ಕಾಲವೂ ಒಬ್ಬ ಅತಿಥಿಗಾಗಿ ಮಾಡಿಕೊಳ್ಳುವ ತಯಾರಿಯೇ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಅದು ಶುರುವಾಗುತ್ತದೆ, ಕ್ರಿಸ್ಮಸ್‌ನ ಹಿಂದಿನ ಸಂಜೆ ಮುಗಿಯುತ್ತದೆ. ನಡುವೆ ನಾಲ್ಕು ಭಾನುವಾರಗಳು. ಈ ಕಾಲದ ಮೇಲೆ ಇಂದು ಎರಡು ಪರದೆಗಳು ಬಿದ್ದಿವೆ. ಮೊದಲನೆಯದು ಥಳುಕಿನದು: ಮಾಲ್‌ಗಳ ಮರ, ರಿಯಾಯಿತಿ ಮಾರಾಟ, ಮೊದಲ ವಾರದಲ್ಲೇ ಮುಗಿದುಹೋಗುವ ಕ್ರಿಸ್ಮಸ್ ಪಾರ್ಟಿಗಳು. ಇದನ್ನು ಬೈಯುವುದು ಸುಲಭ, ಪ್ರತಿ ಪೀಠದಿಂದಲೂ ಬೈಯುತ್ತಾರೆ. ಎರಡನೆಯದು ಮೌನದ ಪರದೆ: ಧ್ಯಾನಕೂಟ, ಮೇಣದ ಬತ್ತಿ, ಒಳಗಿನ ಶಾಂತಿ. ಇದನ್ನು ಯಾರೂ ಬೈಯುವುದಿಲ್ಲ. ಬೈಯಬೇಕಾದದ್ದು ಇದನ್ನೇ. ಏಕೆಂದರೆ ಇದು ಆಧ್ಯಾತ್ಮಿಕ ತಯಾರಿ ಎಂಬ ಹೆಸರನ್ನೇ ಹೊತ್ತುಕೊಂಡು, ಆ ತಯಾರಿಯಿಂದ ಜನರನ್ನು ತಪ್ಪಿಸುತ್ತದೆ.

ಹೆಸರಿನಿಂದಲೇ ನೋಡಬಹುದು. ಅಡ್ವೆಂಟ್ ಎಂಬುದರ ಮೂಲ ಲ್ಯಾಟಿನ್ನಿನ ಅಡ್ವೆಂಟುಸ್. ಅದರಲ್ಲಿರುವ ‘ವೆನಿರೆ’ ಧಾತುವೂ ‘ಆಗಮನ’ದಲ್ಲಿರುವ ಸಂಸ್ಕೃತದ ‘ಗಮ್’ ಧಾತುವೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಬಂದವು. ಹಾಗಾಗಿ ಕನ್ನಡದ ಕ್ಯಾಥೊಲಿಕರು ಹೇಳುವ ‘ಆಗಮನ ಕಾಲ’ ಬರೀ ಅನುವಾದವಲ್ಲ, ಹಳೆಯ ನೆಂಟಸ್ತಿಕೆ. ರೋಮನರಿಗೆ ಅಡ್ವೆಂಟುಸ್ ಎಂದರೆ ಚಕ್ರವರ್ತಿ ಊರಿಗೆ ಬರುವ ಸಮಾರಂಭ. ಪುರಜನರು ಊರಬಾಗಿಲು ದಾಟಿ ಹೋಗಿ ಅವನನ್ನು ಎದುರುಗೊಳ್ಳುತ್ತಿದ್ದರು. ಅದು ಊರೆಲ್ಲ ಸೇರಿ ಮಾಡುವ ಕೆಲಸ. ಕಣ್ಣು ಮುಚ್ಚಿ ಒಬ್ಬೊಬ್ಬರೇ ಕೂರುವ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ.

ಆಚರಣೆಯ ಇತಿಹಾಸವೂ ಹಾಗೆಯೇ ಇದೆ. 5ನೇ ಶತಮಾನದಲ್ಲಿ ತೂರ್ ನಗರದ ಬಿಷಪ್ ಪೆರ್ಪೆತುಸ್, ಸಂತ ಮಾರ್ಟಿನನ ಹಬ್ಬವಾದ ನವೆಂಬರ್ 11ರಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದ. ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ 1ರಿಂದ ಹಿಡಿಯುವ ಇಪ್ಪತ್ತೈದು ದಿನದ ನೋಂಬು ಈಗಲೂ ಇದೆ. ಮನೆಯ ಒಲೆಯ ಮೇಲೆ ಮಾಂಸ ಬೇಯದು. ಲ್ಯಾಟಿನ್ ಚರ್ಚು ಬಹುಕಾಲ ಈ ವಾರಗಳಲ್ಲಿ ಮದುವೆಯ ಸಂಭ್ರಮಕ್ಕೆ ಒಪ್ಪಿಗೆ ಕೊಡುತ್ತಿರಲಿಲ್ಲ. ಹೆಚ್ಚುಕಡಿಮೆ ಅದೇ ಚಳಿಯಲ್ಲಿ ಬರುವ ಧನುರ್ಮಾಸದಲ್ಲಿ ಮದುವೆ ಇಟ್ಟುಕೊಳ್ಳದ ಮನೆಗಳಿಗೆ ಇದರ ತರ್ಕ ತಕ್ಷಣ ಹೊಳೆದೀತು. ಇವೆಲ್ಲ ಮೈಗೆ, ಅಡುಗೆಮನೆಗೆ, ಊರಿನ ಲೆಕ್ಕಕ್ಕೆ ತಾಗುವ ನಿಯಮಗಳು. ಪಾಲಿಸಿದರೋ ಬಿಟ್ಟರೋ ಎಂದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಮನಸ್ಸಿನ ಶಾಂತಿಯದ್ದು ಹಾಗಲ್ಲ. ಅದು ಬಂತೋ ಇಲ್ಲವೋ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಅದು ಇಷ್ಟು ಜನಪ್ರಿಯವಾದದ್ದಕ್ಕೆ ಕಾರಣವೂ ಅದೇ.

ಆಗಮನದ ವೃತ್ತವೂ ಹೀಗೆ ತನ್ನ ಊರು ಮರೆತಿದೆ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ, ತಾನು ನಡೆಸುತ್ತಿದ್ದ ಬಡಮಕ್ಕಳ ಆಶ್ರಮದಲ್ಲಿ, ಕ್ರಿಸ್ಮಸ್ ಯಾವಾಗ ಎಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರವೊಂದಕ್ಕೆ ಮೇಣದ ಬತ್ತಿಗಳನ್ನು ಸಿಕ್ಕಿಸಿದ. ಗತಿಯಿಲ್ಲದ ಮಕ್ಕಳ ದಿನಗಣನೆಯ ಉಪಾಯ ಅದು. ಇಂದು ಅದು ಟೀಪಾಯಿಯ ಮೇಲೆ ಕೂರುವ ಅಲಂಕಾರ.

ಇನ್ನು ಈ ಕಾಲದ ಓದುಗಳು. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಮೂರೂ ವರ್ಷ ಎರಡನೆಯ ಭಾನುವಾರ ಕಾಣಿಸಿಕೊಳ್ಳುವವನು ಒಬ್ಬನೇ, ಸ್ನಾನಿಕ ಯೊವಾನ್ನ. ಅವನ ಬಾಯಲ್ಲಿ ಪ್ರವಾದಿ ಯೆಶಾಯನ ಮಾತು ಇದೆ: ಬರುವವನಿಗೆ ದಾರಿ ಸಿದ್ಧವಾಗಲಿ, ತಗ್ಗು ತುಂಬಲಿ, ಗುಡ್ಡ ಇಳಿಯಲಿ. ಇದು ಧ್ಯಾನದ ಭಾಷೆಯಲ್ಲ, ರಸ್ತೆ ಕೆಲಸದ ಭಾಷೆ. ಪಿಕಾಸಿ, ಬುಟ್ಟಿ, ಬೆವರು. ಯಾರೋ ಎತ್ತರದಲ್ಲಿರುವವರು ಇಳಿಯದೆ ತಗ್ಗು ತುಂಬುವುದಿಲ್ಲ.

ಲೂಕನ ಸುವಾರ್ತೆಯಲ್ಲಿ ಜನ ಯೊವಾನ್ನನನ್ನು ನೇರವಾಗಿ ಕೇಳುತ್ತಾರೆ, ಈಗ ಏನು ಮಾಡಬೇಕು ಎಂದು. ಅವನು ಕೊಡುವ ಉತ್ತರ ಲೆಕ್ಕದ ಪುಸ್ತಕದಂತಿದೆ. ಎರಡು ಅಂಗಿ ಇದ್ದವರು ಒಂದನ್ನು ಇಲ್ಲದವರಿಗೆ ಕೊಡಬೇಕು. ಊಟವಿದ್ದವರೂ ಹಾಗೆಯೇ ಮಾಡಬೇಕು. ಸುಂಕದವರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು. ಸೈನಿಕರು ಬೆದರಿಸಿ ಕೀಳಬಾರದು, ಸಂಬಳದಲ್ಲಿ ತೃಪ್ತರಾಗಬೇಕು. ಈ ಭಾಗವನ್ನು ಮೂರು ವರ್ಷಕ್ಕೊಮ್ಮೆ ಓದುವುದು ಮೂರನೆಯ ಭಾನುವಾರ. ಅಂದು ನೇರಳೆಯ ಬದಲು ಗುಲಾಬಿ ಬಣ್ಣದ ವಸ್ತ್ರ, ಅಂದು ಆನಂದದ ಭಾನುವಾರ. ಅಂದರೆ ಚರ್ಚಿನ ಪಂಚಾಂಗದ ಪ್ರಕಾರ ಆನಂದಕ್ಕೂ ಎರಡನೆಯ ಅಂಗಿಗೂ ಸಂಬಂಧವಿದೆ.

ಕನ್ನಡದ ಒಂದು ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ಯೊವಾನ್ನ ಕೇಳಿದ್ದು ಗ್ರೀಕಿನಲ್ಲಿ ಮೆತನೋಯಿಯ, ಬುದ್ಧಿಯ ತಿರುವು. ಕನ್ನಡದಲ್ಲಿ ಅದಕ್ಕೆ ಸಾಮಾನ್ಯವಾಗಿ ಬಳಸುವ ‘ಪಶ್ಚಾತ್ತಾಪ’ ಎಂದರೆ ಆಮೇಲೆ ಏಳುವ ತಾಪ. ತಾಪವನ್ನು ಕುರ್ಚಿಯಲ್ಲಿ ಕೂತೇ ಪಡಬಹುದು, ತಿರುಗಲು ಮಾತ್ರ ಕಾಲು ಎತ್ತಬೇಕು.

ಭಾರತದ ಚರ್ಚಿನಲ್ಲಿ ಇಳಿಯಬೇಕಾದ ಗುಡ್ಡ ಯಾವುದು ಎಂಬುದು ಗುಟ್ಟಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನೂ ಉಳಿದವರ ಗೋರಿಗಳನ್ನೂ ಬೇರ್ಪಡಿಸುವ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ವರ್ಷಗಳಿಂದ ಹೋರಾಡಿದ್ದಾರೆ. ಸತ್ತ ಮೇಲೂ ಜಾತಿ. ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ 2016ರ ಡಿಸೆಂಬರ್‌ನಲ್ಲಿ, ಅಂದರೆ ಆಗಮನ ಕಾಲದ ಹೊತ್ತಿಗೇ, ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು, ಚರ್ಚಿನೊಳಗೆ ಜಾತಿಭೇದವಿದೆ, ಅದು ಪಾಪ ಎಂದು ಒಪ್ಪಿಕೊಂಡಿತು. ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ರಾಷ್ಟ್ರಪತಿ ಆದೇಶವನ್ನು ವಿರೋಧಿಸಿ ಚರ್ಚುಗಳು ಆಗಸ್ಟ್ 10ನ್ನು ಕರಾಳ ದಿನವಾಗಿ ಆಚರಿಸುತ್ತವೆ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಸರ್ಕಾರದ ಆದೇಶ ಬದಲಾಗಲು ದಿಲ್ಲಿ ಮನಸ್ಸು ಮಾಡಬೇಕು, ಸ್ಮಶಾನದ ಗೋಡೆ ಬೀಳಲು ಸಭೆಯ ಜನ ಮನಸ್ಸು ಮಾಡಿದರೆ ಸಾಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಕ್ಯಾರಲ್ ಹಾಡುವವರನ್ನೇ ತಡೆದು ನಿಲ್ಲಿಸುವ ಈ ದಿನಗಳಲ್ಲಿ, ಅಲ್ಪಸಂಖ್ಯಾತರ ಹುಳುಕನ್ನು ಬೀದಿಗೆ ತರಬೇಕೆ? ಭಯ ನಿಜ. ಮನೆಯ ಮುಂದೆ ನಕ್ಷತ್ರ ತೂಗುವುದು ಈ ದೇಶದಲ್ಲಿ ಹಕ್ಕು, ಅದನ್ನು ಕಿತ್ತುಹಾಕಲು ಬರುವವರ ಎದುರು ಎಲ್ಲರೂ ನಿಲ್ಲಬೇಕು. ಆದರೆ ಆ ಗೋಡೆಯನ್ನು ಅವರು ಬಂದು ಕಟ್ಟಲಿಲ್ಲ. ಹೊರಗಿನ ಪೆಟ್ಟು ಒಳಗಿನ ಪೆಟ್ಟಿಗೆ ಮಾಫಿ ಕೊಡುವುದಿಲ್ಲ. ಎರಡೂ ಪೆಟ್ಟು ತಿನ್ನುವವರು ದಲಿತ ಕ್ರೈಸ್ತರೇ.

ಎರಡನೆಯದು: ಮೊದಲು ಹೃದಯ ಬದಲಾಗಲಿ, ಹೊರಗಿನದು ತಾನಾಗಿ ಬದಲಾದೀತು. ಎಷ್ಟೋ ತಲೆಮಾರುಗಳು ಈ ‘ತಾನಾಗಿ’ಯನ್ನು ಕಾದಿವೆ. ಯೊವಾನ್ನ ಯಾರಿಗೂ ಮೊದಲು ಹೋಗಿ ಹೃದಯ ಸರಿಮಾಡಿಕೊಂಡು ಬಾ ಎನ್ನಲಿಲ್ಲ. ಅಂಗಿ ಕೊಡು ಎಂದ. ಕೊಟ್ಟ ಕೈಯ ಹಿಂದೆ ಹೃದಯವೂ ಬರಲೇಬೇಕೆಂದು ಅವನಿಗೆ ಗೊತ್ತಿತ್ತು. ಪ್ರಾರ್ಥನೆ, ಪಾಪನಿವೇದನೆ, ಮೌನ ಯಾವುದೂ ಬೇಡವೆಂದಲ್ಲ. ಅವು ಕೆಲಸಕ್ಕೆ ಹೊರಡುವವನ ಬುತ್ತಿ. ಬುತ್ತಿ ಉಂಡು ಮಲಗಿದರೆ ಅದಕ್ಕೆ ತಯಾರಿ ಎನ್ನುವುದಿಲ್ಲ.

ಅಲಂಕಾರವೂ ಬೇಡವೆಂದಲ್ಲ. ಕರಾವಳಿಯಿಂದ ಮುಂಬೈಗೆ ಬಂದ ಕ್ಯಾಥೊಲಿಕ್ ಮನೆಗಳಲ್ಲಿ ಡಿಸೆಂಬರ್ ಪೂರ್ತಿ ಕುಸ್ವಾರ್ ತಯಾರಾಗುತ್ತದೆ. ಆ ತಿಂಡಿಯ ತಟ್ಟೆ ಅಕ್ಕಪಕ್ಕದ ಮನೆಗಳಿಗೂ ಹೋಗುತ್ತದೆ. ಹಂಚಲೆಂದೇ ಕರಿಯುವ ಆ ತಿಂಡಿಯಲ್ಲಿ ಎಷ್ಟೋ ಧ್ಯಾನಕೂಟಗಳಿಗಿಂತ ಹೆಚ್ಚು ಆಗಮನ ಕಾಲವಿದೆ. ಕೇಳಬೇಕಾದ ಪ್ರಶ್ನೆ ಒಂದೇ: ಆ ತಟ್ಟೆ ಯಾವ ಬೀದಿಯವರೆಗೆ ಹೋಗಿ ನಿಲ್ಲುತ್ತದೆ?

ದಿಲ್ಲಿಗೆ ಬಂದ ಅತಿಥಿಗಳ ಕಣ್ಣಿಗೆ ಕೊಳೆಗೇರಿ ಬೀಳದಂತೆ ಪರದೆ ಕಟ್ಟಬಹುದಿತ್ತು. ಕ್ರೈಸ್ತರು ಕಾಯುವ ಅತಿಥಿಯ ಜೊತೆ ಆ ಉಪಾಯ ನಡೆಯದು. ಛತ್ರದಲ್ಲಿ ಜಾಗ ಸಿಗದೆ ಗೋದಲಿಯಲ್ಲಿ ಮಲಗಿದ ಮಗು ಅದು. ಅವನು ಪರದೆಯ ಆಚೆಯಿಂದಲೇ ಬರುವವನು. ಅವನ ದಾರಿಯಲ್ಲಿರುವ ಗೋಡೆ ಕೆಡವಲು ನಾಲ್ಕು ವಾರವೂ ಬೇಡ. ನಾಲ್ಕು ಆಳು, ಎರಡು ಸುತ್ತಿಗೆ ಇದ್ದರೆ ಒಂದು ದಿನದಲ್ಲಿ ಮುಗಿಯುವ ಕೆಲಸ.