ಎರಡು ಚೀಟಿ, ಒಂದೇ ಹೊಟ್ಟೆ

ತಿಪ್ಪಸಂದ್ರ ಹೋಬಳಿಯ ಜನ ಎದೆನೋವು, ಬಿ.ಪಿ. ಅಂದರೆ ಬಸ್ಸು ಹತ್ತಿ ಮಾಗಡಿಗೋ ಬೆಂಗಳೂರಿಗೋ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸುತ್ತಾರೆ. ಕೆಮ್ಮು, ತುರಿಕೆಗೆ ಮಾತ್ರ ಹತ್ತಿರದ ಮೆಡಿಕಲ್ ಶಾಪಿನಲ್ಲಿ "ಎರಡು ಗುಳಿಗೆ ಕೊಡಪ್ಪಾ" ಎಂದು ಕೈಚಾಚುತ್ತಾರೆ. ಡಾಕ್ಟರು ಬರೆದದ್ದು ಅಂಗಡಿಯವನಿಗೆ ಗೊತ್ತಿಲ್ಲ. ಅಂಗಡಿಯವನು ಕೊಟ್ಟದ್ದು ಡಾಕ್ಟರಿಗೆ ಗೊತ್ತಿಲ್ಲ. ಎರಡೂ ಸೇರೋದು ಮಾತ್ರ ಒಂದೇ ಹೊಟ್ಟೆಗೆ!

ರಕ್ತದ ಕೊಬ್ಬಿಳಿಸುವ ಅಟೋರ್ವಾಸ್ಟಾಟಿನ್ ಗುಳಿಗೆಯನ್ನೇ ನೋಡಿ. ಹೃದಯಾಘಾತ ತಡೆಯುವ ಒಳ್ಳೆಯ ಔಷಧಿ, ತಕರಾರಿಲ್ಲ. ಅದನ್ನು ಅರಗಿಸಿ ಹೊರಹಾಕುವುದು ಕರುಳು, ಲಿವರಿನಲ್ಲಿರುವ ಒಂದು ಕಿಣ್ವ. ಹುಳುಕಡ್ಡಿಗೆ ನುಂಗುವ ಇಟ್ರಾಕೊನಜೋಲ್, ಕೆಮ್ಮು-ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತವೆ. ಆಗ ನುಂಗಿದ್ದು ಒಂದು ಗುಳಿಗೆಯಾದರೂ ರಕ್ತಕ್ಕೆ ಮೂರ್ನಾಲ್ಕು ಗುಳಿಗೆಯ ಲೆಕ್ಕ. ಅಪರೂಪಕ್ಕೆ ಸ್ನಾಯುಗಳೇ ಕರಗಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕಿಡ್ನಿಗೆ ಸಂಚಕಾರ ಬರುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. ಇದೇ ಜಾತಿಯ ಸೆರಿವಾಸ್ಟಾಟಿನ್ ಔಷಧಿಯನ್ನು 2001ರಲ್ಲಿ ಬೇಯರ್ ಕಂಪನಿ ಮಾರುಕಟ್ಟೆಯಿಂದಲೇ ಹಿಂತೆಗೆಯಿತು. ಸತ್ತವರಲ್ಲಿ ಹಲವರು ಜೊತೆಗೆ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಕೊಬ್ಬಿನ ಗುಳಿಗೆಯನ್ನೂ ನುಂಗುತ್ತಿದ್ದರು.

ಹಣ್ಣಿನದೂ ಒಂದು ಪಾಲಿದೆ. ಪರದೇಶದ ಗ್ರೇಪ್‌ಫ್ರೂಟ್ ಕೂಡ ಕರುಳಿನ ಇದೇ ಕಿಣ್ವವನ್ನು ತಡೆಯುತ್ತದೆ. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ. ಎರಡು ತೊಳೆ ತಿಂದರೆ ಪ್ರಾಣವೇನೂ ಹೋಗದು. ದಿನವೂ ಲೋಟಗಟ್ಟಲೆ ರಸ ಕುಡಿಯುವವರು ಡಾಕ್ಟರನ್ನು ಕೇಳುವುದು ಲೇಸು. ಥೈರಾಯ್ಡ್ ಕುಗ್ಗಿದವರು, ಕಿಡ್ನಿ-ಲಿವರ್ ಕೆಟ್ಟವರು, ವಿಪರೀತ ಕುಡಿಯುವವರು ಇನ್ನೂ ಹುಷಾರಾಗಿರಬೇಕು.

ಮೈಕೈ ನೋವು ಬಂದರೆ ಬಸ್ಸಿನ ಕುಲುಕಾಟ, ಹೊಲದ ದುಡಿಮೆ ಎಂದು ನೋವಿನ ಗುಳಿಗೆ ನುಂಗಿ ಸುಮ್ಮನಾಗುವವರೇ ಹೆಚ್ಚು. ಇನ್ನು ಕೆಲವರು ಪಕ್ಕದ ಮನೆಯವರ ಮಾತು ಕೇಳಿ ಕೊಬ್ಬಿನ ಗುಳಿಗೆಯನ್ನೇ ಬಿಸಾಡುತ್ತಾರೆ. ಇದು ಇನ್ನೂ ಅಪಾಯ. ನಿಲ್ಲಿಸುವುದೋ ಬದಲಿಸುವುದೋ, ಬರೆದ ಡಾಕ್ಟರೇ ಹೇಳಬೇಕು.

ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನೇನೋ ಇದೆ. ಗಲ್ಲಾದ ಮುಂದೆ ಅದು ನೆನಪಾಗುವುದು ಯಾರಿಗೆ? ಅಂಗಡಿಯವರು ಚೀಟಿ ಕೇಳಲಿ. "ಬೇರೆ ಏನು ಗುಳಿಗೆ ನುಂಗ್ತಿದೀರಿ ಯಜಮಾನ್ರೇ?" ಎಂದೂ ಕೇಳಲಿ. ಕೇಳೋದಕ್ಕೆ ಕಾಸು ಖರ್ಚಿಲ್ಲ. ಬಸ್ ಪಾಸ್ ಜೋಪಾನ ಮಾಡುವ ಪ್ರಯಾಣಿಕರು ಅದೇ ಜೇಬಿನಲ್ಲಿ ತಮ್ಮ ಗುಳಿಗೆಗಳ ಹೆಸರು ಬರೆದ ಚೀಟಿಯನ್ನೂ ಇಟ್ಟುಕೊಳ್ಳಲಿ. ಪಾಸ್ ಮರೆತರೆ ದಂಡ ಕಟ್ಟಿ ಪಾರಾಗಬಹುದು. ಈ ಚೀಟಿ ಮರೆತರೆ ದಂಡ ಕಟ್ಟೋದು ಕಿಡ್ನಿ.